ಮನೆಗೆ ಮರಳುವ ದಾರಿಗಳು

"ಕೂತಲ್ಲೇ ದೇಶ ಸುತ್ತುವ ಸೈಕಲ್ ಸವಾರ" ಎಂದು ಅಕ್ಕಪಕ್ಕದವರು ವಾಚ್ ರಿಪೇರಿಯವನನ್ನು ಆಡಿಕೊಳ್ಳುತ್ತಿದ್ದರು. ಸಮುದ್ರದವರೆಗಿನ ದಾರಿಯನ್ನು ಸೈಕಲ್ಲಿನ ಹಳೆಯ ಜಿಪಿಎಸ್‌ಗೆ ತುಂಬಹೋದರೆ, ಅದು ಪ್ರತಿಸಲವೂ ಜಾಗವಿಲ್ಲ ಎನ್ನುತ್ತಿತ್ತು. ಇವನು ಬಿಡುವ ಆಸಾಮಿಯೇ? ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಘಾಟಿಯ ತಿರುವುಗಳನ್ನೆಲ್ಲ ಅಳಿಸಿ, ನದಿಯನ್ನು ಸೇತುವೆಯಿಲ್ಲದೆಯೇ ದಾಟಿಸಿ, "ಇನ್ನೊಂಚೂರು ಜಾಗ ಸಿಕ್ತು ಕಣೇ!" ಎಂದು ಹೆಂಡತಿಯ ಮುಂದೆ ಕುಣಿಯುತ್ತಿದ್ದ. ಕೊನೆಗೊಂದು ದಿನ ಅವಳೇ ಇಣುಕಿ ನೋಡಿದಳು. ತಂಗುವ ಒಂದೊಂದು ಊರಿನಿಂದಲೂ ಬೇಗ ಮನೆಗೆ ಮರಳಲೆಂದು ಅವನು ಕೂಡಿಟ್ಟ ಒಳದಾರಿಗಳೇ ಅರ್ಧ ಜಾಗ ನುಂಗಿದ್ದವು. "ಇವನ್ನ ಅಳಿಸ್ರೀ" ಎಂದಳು. "ನೀನಿಲ್ಲಿ ಒಬ್ಬಳೇ ಇರ್ತೀಯಲ್ಲೇ, ಹೆಂಗೆ ಅಳಿಸ್ಲಿ?" "ಅಯ್ಯೋ, ನಂಗೇನು ಸೈಕಲ್ ತುಳಿಯೋಕೆ ಬರಲ್ವಾ?" ಮರುವಾರವೇ ಬಾಡಿಗೆ ಮನೆಯ ಬೀಗದಕೈಯನ್ನು ಓನರ್ ಕೈಗಿಟ್ಟು, ಅವಳನ್ನು ಮುಂದೆ ಬಿಟ್ಟುಕೊಂಡು, ಹಿಂತಿರುಗಿಯೂ ನೋಡದೆ ಬೆಲ್ ಬಾರಿಸುತ್ತ ಹೊರಟೇಬಿಟ್ಟ.