ಗಾಯರಾಣದ ತಂತಿಬೇಲಿ

ನಿವೃತ್ತಳಾದ ಮೇಲೆ ಸುಮ್ಮನೆ ಕೂರುವುದು ನನಗೆ ಆಗಲಿಲ್ಲ. ಯಾದಗಿರಿಯ ಜಿಲ್ಲಾ ಕಚೇರಿ ಮುಂದೆ ನಾವೊಂದಿಷ್ಟು ಜನ ಬಿಸಿಲಲ್ಲಿ ಕೂತು ಕೇಳಿದ್ದು ಒಂದೇ: ಭೂಮಿಯ ಬಿಸಿ ಇಳಿಸಲು ಕಾಡು ಬೆಳೆಸುತ್ತೇವೆ ಎಂದು ಸರಕಾರ ಎಲ್ಲ ದೇಶಗಳೆದುರು ಮಾತು ಕೊಟ್ಟು ಬಂತಲ್ಲ, ಅದೇನಾಯಿತು? ಕುರಿ ಸಾಕುವವರ ಮನೆಯಲ್ಲಿ ಹುಟ್ಟಿದವಳು ನಾನು. ನಮ್ಮಲ್ಲಿ ದೇವರ ಭಂಡಾರದ ಅರಿಸಿನ ಮುಟ್ಟಿ ಆಡಿದ ಮಾತಿಗೆ ಯಾರೂ ಸಹಿ ಕೇಳುವುದಿಲ್ಲ. ಮಾತು ತಪ್ಪುವವರನ್ನು ಕಂಡರೆ ಮೈ ಉರಿಯುತ್ತದೆ.

ಅರ್ಜಿ ತೆಗೆದುಕೊಂಡ ಅಧಿಕಾರಿ "ನೋಡೋಣ್ರಿ ಮೇಡಂ" ಎಂದ. ಹಾಗೆಂದವರು ನೋಡುವುದಿಲ್ಲವೆಂದುಕೊಂಡು ನಾನಿರುವ ಶಹಾಪುರದ ಬಸ್ಸು ಹತ್ತಿದೆ.

ಆತ ನೋಡಿಯೇಬಿಟ್ಟ. ಮಳೆಗಾಲ ಶುರುವಾಗುತ್ತಲೇ ನನ್ನ ತವರು ಬಳಿಚಕ್ರದ ಗಾಯರಾಣಕ್ಕೆ, ಅಂದರೆ ಊರ ಕುರಿ-ದನ ಮೇಯುವ ಬಯಲಿಗೆ, ತಂತಿಬೇಲಿ ಬಿತ್ತು. ಒಳಗೆ ಬೇವು, ಹೊಂಗೆಯ ಸಸಿಗಳು. ನಾನು ಹಿಗ್ಗಿ ಹೀರೇಕಾಯಿಯಾಗಿ ಪೇಡೆ ಕಟ್ಟಿಸಿಕೊಂಡು ತವರಿಗೆ ಹೋದೆ.

ಅಣ್ಣ ಪೇಡೆ ಮುಟ್ಟಲಿಲ್ಲ. ನಡುಹಗಲಲ್ಲೇ ಅವನ ಕುರಿಗಳೆಲ್ಲ ಹಟ್ಟಿಯಲ್ಲಿ ನಿಂತು ಅರಚುತ್ತಿದ್ದವು.

"ಸಸಿ ಎತ್ತರ ಆಗೋತನಾ ಒಳಗ ಬಿಡಂಗಿಲ್ಲಂತ. ಹೊಲ್ದಾಗ ನೋಡಿದ್ರ ಬಿತ್ಯಾರ. ಎಲ್ಲಿ ಮೇಸ್ಲಿ ಹೇಳು?"

"ಅದು ದೇಶ ಕೊಟ್ಟ ಮಾತು ಅಣ್ಣಾ. ಬಿಸಲು ಹಿಂಗ ಏರಿದ್ರ ನಿನ್ನ ಕುರೀನೂ ಉಳಿಯಂಗಿಲ್ಲ."

"ಖರೇನ ಅದ. ಬಿಸಲಿಗಿ ಸಾಯೋದು ಮುಂದಿನ ಮಾತು. ಈಗ ಹಸದು ಸಾಯಾಕತ್ತಾವಲ್ಲ!"

ನಾನು ಹೇಳಿದ್ದೂ ಖರೆ, ಅವನು ಹೇಳಿದ್ದೂ ಖರೆ. ತಲೆ ಕೆಟ್ಟು ಮೊಸರು ಗಡಿಗೆಯಾಯಿತು. ಅಧಿಕಾರಿಯನ್ನು ಬೈಯೋಣವೆಂದರೆ ನಾನು ಕೇಳಿದ್ದನ್ನೇ ಆತ ಮಾಡಿದ್ದ. ಆ ಬಯಲು ಯಾರೊಬ್ಬರ ಹೆಸರಲ್ಲೂ ಇಲ್ಲ, ಅದಕ್ಕೇ ಬೇಲಿ ಮೊದಲು ಅಲ್ಲಿಗೆ ಬಂತು. ಹಾಗೆಂದು ಸಸಿ ಕೀಳಿರಿ ಅನ್ನಲೇ? ಬೇವು ಕಿತ್ತು ಯಾರಿಗೆ ಒಳ್ಳೆಯದಾದೀತು?

"ಅರ್ಜಿ ಬರಿಯಾಕ ನಿನಗ ಬರ್ತದಲ್ಲ ತಂಗಿ," ಅಣ್ಣ ಅಂದ. "ಇನ್ನೊಂದು ಬರಿ. ಕೊಟ್ಟ ಮಾತಿಗಿ ತಪ್ಪರಿ ಅಂತ ಬರಿ."

ಚೇಷ್ಟೆಗೆ ಅಂದನೆಂದು ಮುಖ ನೋಡಿದೆ. ಅಲ್ಲ, ಬೇಡುತ್ತಿದ್ದ. ನನಗೆ ಅಳು ಬಂತು.

ಶಹಾಪುರಕ್ಕೆ ಬಂದು ಬರೆಯಲು ಕೂತೆ. ಗಿಡವೂ ಉಳಿಯಬೇಕು, ಕುರಿಯೂ ಉಳಿಯಬೇಕು ಅನ್ನುವಂಥ ಒಂದು ವಾಕ್ಯ ಬೇಕಿತ್ತು. ಬರೆದೆ, ಹರಿದೆ. ಮತ್ತೆ ಬರೆದೆ. ಅಷ್ಟರಲ್ಲಿ ಅತ್ತಿಗೆಯ ಫೋನು ಬಂತು.

"ಅರ್ಜಿ ಬರದಿಯೇನವ್ವಾ? ಬರದಿಲ್ಲಂದ್ರ ಬಿಡು. ನಿಮ್ಮಣ್ಣ ಅರ್ಧಕ್ಕರ್ಧ ಕುರಿ ಮಾರಾಕಂತ ಹೊಡಕೊಂಡು ಸಂತಿಗಿ ಹೋಗ್ಯಾರ."