ಎತೆಕ್ ಮಾಮನ ಕುಂಬಳಬಳ್ಳಿ ಮಾತು

ಮಗು ಹಾಲು ಕುಡಿದು ಮಲಗಿದೆ. ಏಳುವುದರೊಳಗೆ ಎತೆಕ್ ಮಾಮನ ವಿಷಯ ಬರೆದುಬಿಡಬೇಕು.

ಎತೆಕ್ ಮಾಮ ನನ್ನ ತಾಯಿಯ ಕಿರಿಯ ತಮ್ಮ. ಮದುವೆಯಲ್ಲಿ ಸಿಕ್ಕ ಬಿರುದಿನಿಂದ ಊರವರೆಲ್ಲ ಸುತಾನ್ ಅನ್ನುತ್ತಾರೆ. ಸಿಂಗಾಲಾಂಗ್ ಬೆಟ್ಟದ ಇಳಿಜಾರಿನಲ್ಲಿ ದಾಲ್ಚಿನ್ನಿ ತೊಗಟೆ ಸುಲಿಯುವುದು ಕಸುಬು. ಸುಲಿದದ್ದಕ್ಕಿಂತ ಮಾತಾಡಿದ್ದೇ ಹೆಚ್ಚು. ಉಪ್ಪು ಬೇಕಾದರೆ ಸಮುದ್ರದಿಂದ ಶುರುಮಾಡುವ ಮನುಷ್ಯ. ಅವನ ಮಾತು ದಾರಿ ಬಿಡುವ ಒಂದೊಂದು ಬಗೆಗೂ ಅಜ್ಜಿ ಒಂದೊಂದು ಹೆಸರಿಟ್ಟಿದ್ದಾಳೆ. ನೀರಿಗೆಂದು ಹೊರಟು ಎರಡೂ ಬದಿಯ ಹುಲ್ಲಿಗೆ ಬಾಯಿ ಹಾಕುತ್ತ ಹೋದರೆ ಎಮ್ಮೆ ಮಾತು. ಸುತ್ತಿ ಸುತ್ತಿ ಹೊರಟಲ್ಲಿಗೇ ಬಂದರೆ ಗಾಣದ ಮಾತು. ದಾರ ಕಡಿದು ಎತ್ತ ಹೋಯಿತೋ ತಿಳಿಯದಿದ್ದರೆ ಗಾಳಿಪಟ. ಬೇಲಿ ಹತ್ತಿ ಪಕ್ಕದವರ ಹಿತ್ತಲಲ್ಲಿ ಕಾಯಿ ಬಿಟ್ಟರೆ ಮಾತ್ರ ಕುಂಬಳಬಳ್ಳಿ, ಅದು ಅಪರೂಪ. ಊಟದ ಹೊತ್ತಿನಲ್ಲಿ ಮಾಮ ಗಂಟಲು ಸರಿಮಾಡಿಕೊಂಡರೆ ಸಾಕು, "ಎಮ್ಮೆ ಹೊರಡ್ತು, ಅನ್ನ ಮುಚ್ಚಿಡ್ರೇ" ಎಂದು ಅಜ್ಜಿ ಒಳಕ್ಕೆ ಕೂಗುತ್ತಾಳೆ.

ಇಂಥವನ ಬಾಯಿಗೆ ನನ್ನ ಮಗಳ ಹೆಸರು ಸಿಕ್ಕಿಕೊಂಡಿತು.

ಬಸುರಿಯಾಗಿದ್ದಾಗಲೇ ನಾನು ಅವಳನ್ನು ಅಂಬುನ್ ಎಂದು ಕರೆಯುತ್ತಿದ್ದೆ. ಇಬ್ಬನಿ ಎಂದರ್ಥ. ನಮ್ಮತ್ತೆ ರೊಸ್ನೆಲಿಯವರಿಗೋ ತೀರಿಕೊಂಡ ತಮ್ಮ ತಾಯಿಯ ಹೆಸರೇ ಆಗಬೇಕು: ಸರಿಬಾನುನ್. ಹಾಗೆಂದು ಊರಿಡೀ ಸಾರಿಕೊಂಡೂ ಬಂದಿದ್ದರು. ಮಗುವನ್ನು ಮೊದಲ ಸಲ ಹೊಳೆಗಿಳಿಸುವ ದಿನ ಹೆಸರು ಕರೆಯಬೇಕು. ಬೀಗರಿಗೆ ನೆಟ್ಟಗೆ 'ಬೇಡ' ಅಂದರೆ ಕೆನ್ನೆಗೆ ಹೊಡೆದ ಹಾಗೆ. ಅವರೊಡನೆ ಇಳಿಜಾರಿನ ಮಾತೇ ಆಗಬೇಕು, ಓರೆಯಾಗಿ, ಮೆಲ್ಲಗೆ ಜಾರುವಂಥದ್ದು.

"ನಾನ್ ಹೇಳಿದ್ರೆ ಅಮ್ಮ ಅಳ್ತಾಳೆ," ಎಂದ ನನ್ನ ಗಂಡ ಹೆಂದ್ರಿ. "ನೀನ್ ಹೇಳಿದ್ರೆ ಅಳಲ್ಲ. ಅದು ಇನ್ನೂ ಕಷ್ಟ."

"ಎತೆಕ್‌ನ ಮಾತಿಗೆ ಕೂರಿಸಿ," ಎಂದಳು ಅಜ್ಜಿ.

"ಅಯ್ಯೋ ಅಜ್ಜಿ, ಮಾಮ ಹೆಸರಿನ ತನಕ ಬರೋ ಹೊತ್ತಿಗೆ ಮಗು ಮದುವೆಗೆ ಬಂದಿರುತ್ತೆ."

"ಬರದೇ ಇದ್ರೇನೇ ಒಳ್ಳೇದು ಕಣೇ. ನೀ ಸುಮ್ನಿರು."

ಹೊಳೆಗಿಳಿಸುವ ದಿನ ಬೆಳಗ್ಗೆ ಅತ್ತೆ ನೆಂಟರೊಡನೆ ಬಂದು ಚಾಪೆಯ ಮೇಲೆ ಕುಳಿತರು. ಬಿದಿರಿನಲ್ಲಿ ಬೇಯಿಸಿದ ಅಂಟಕ್ಕಿ ಹೋಳುಮಾಡಿ ಇಟ್ಟೆವು. ಮಾಮ ಎದುರಿಗೆ ಕುಳಿತು ಕೇಳಿದ: "ಅಕ್ಕಾ, ನಿಮ್ಮ ಬಾತುಕೋಳಿಗಳು ಹೇಗಿವೆ?"

ಪರದೆಯ ಹಿಂದೆ ಮಗುವನ್ನು ತಟ್ಟುತ್ತಿದ್ದ ನಾನು ಕಣ್ಣು ಮುಚ್ಚಿಕೊಂಡೆ. ಬಾತುಕೋಳಿಯಿಂದ ಕೆರೆಗೆ, ಕೆರೆಯಿಂದ ಹಳೆಯ ನೆರೆಗೆ, ನೆರೆಯಿಂದ ಪಾಯಾಕುಂಬುಹ್ ಸಂತೆಗೆ ಹೋದ. ಸಂತೆಯಲ್ಲಿ ಒಬ್ಬ ಅಕ್ಕಿ ವ್ಯಾಪಾರಿ ಸಿಕ್ಕಿದ.

"ಅವ್ನು ಮಗನಿಗೆ ಅಜ್ಜನ ಹೆಸರಿಟ್ಟ. ಒಳ್ಳೇದೇ, ಹಿರೀಕರ ಹೆಸರು. ಹುಡ್ಗ ಒಂದಿನ ರೆಂದಾಂಗ್ ಪಾತ್ರೆಗೇ ಕೈ ಹಾಕ್ದ. ಬೈಯೋಣ ಅಂದ್ರೆ ಬಾಯಲ್ಲಿ ಅಜ್ಜನ ಹೆಸರು, ಎದುರಿಗೆ ಅಜ್ಜಿ ಕೂತಿದ್ದಾಳೆ. ಕೊನೆಗೆ ಏನಂದ ಗೊತ್ತಾ? 'ಹಿರಿಯರೇ, ದಯಮಾಡಿ ಮಾಂಸದಿಂದ ಕೈ ತೆಗೀರಿ' ಅಂದ."

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. "ಆಮೇಲೆ?"

"ಆಮೇಲೆ ಅವನ ಕುದುರೆ ಕುಂಟಾಯ್ತು." ಮಾಮ ಮಾತಿನಲ್ಲೇ ಕುದುರೆ ಹತ್ತಿ ಬೆಟ್ಟಕ್ಕೇ ಹೋಗಿಬಿಟ್ಟ. "ಬೆಳಗ್ಗೆ ಬೇಗ ಹೋದ್ರೆ ಎಲೆ ಮೇಲೆಲ್ಲ ಅಂಬುನ್, ಅಕ್ಕಾ. ಕುದುರೆ ನೆಕ್ಕುತ್ತೆ. ಅದಕ್ಕೆ ತಂಪು."

ಅತ್ತೆ ಚಹಾದ ಲೋಟ ಕೆಳಗಿಟ್ಟರು. ನನ್ನ ಕೈ ತಟ್ಟುವುದನ್ನು ನಿಲ್ಲಿಸಿತು.

"ಸುತಾನ್, ಅಜ್ಜಿ ಅಂದ್ಮೇಲೆ ಮೊಮ್ಮಗಳನ್ನ ಬೈಬೇಕಲ್ಲ. ನಮ್ಮಮ್ಮನ ಹೆಸರು ಹಿಡಿದು ನಾನು ಹೇಗೆ ಬೈಲಿ? ಬೇರೆ ಏನಾದ್ರೂ ಚಿಕ್ಕದಿರ್ಲಿ. ಎಲೆ ಮೇಲೆ ಅಂದ್ರಲ್ಲ, ಅದೇನು?"

"ಯಾವ್ದು, ಕುದುರೆನಾ?"

"ಕುದುರೆ ಅಲ್ರೀ. ಅಂಬುನ್."

"ಓ, ಅದಾ," ಎಂದ ಮಾಮ, ಮರೆತೇಹೋಗಿದ್ದವನ ಹಾಗೆ.

ನಾನು ಬಾಯಿ ತೆರೆಯುವಷ್ಟರಲ್ಲಿ ಪಕ್ಕದಲ್ಲಿದ್ದ ಅಜ್ಜಿ ನನ್ನ ತೋಳು ಚಿವುಟಿದಳು.

ಹೊಳೆಯ ದಾರಿಯಲ್ಲಿ ಅತ್ತೆ ಮಗುವಿಗೆ ಕೊಡೆ ಹಿಡಿದು ಮಾಮನ ಪಕ್ಕದಲ್ಲೇ ನಡೆದರು. "ಬಾತುಕೋಳಿ ಹತ್ರಾನೇ ನಂಗೆ ಗೊತ್ತಾಯ್ತು, ಸುತಾನ್."

"ಮತ್ತೆ ಅಷ್ಟು ಹೊತ್ತು ಯಾಕೆ ಕೂತಿದ್ರಿ?"

"ಊರೆಲ್ಲ ಹೇಳ್ಕೊಂಡು ಬಂದಿದ್ದೆ. ಇಳಿಯೋಕೆ ನನಗೂ ಒಂದು ದಾರಿ ಬೇಕಿತ್ತಲ್ಲ. ಅದಿರ್ಲಿ, ಆ ಕುದುರೆ ಏನಾಯ್ತು?"

ಮಾಮನಿಗೆ ಅಷ್ಟೇ ಸಾಕಿತ್ತು. ಹಿಂದೆ ಬರುತ್ತಿದ್ದ ಅಜ್ಜಿಯನ್ನು ಕೇಳಿದೆ, "ಇವತ್ತಿಂದು ಯಾವ ಮಾತು?"

"ಕುಂಬಳಬಳ್ಳಿ," ಎಂದಳು. "ಬೇರು ನಮ್ಮದು, ಕಾಯಿ ಬೀಗಿತ್ತಿ ಬಾಯಲ್ಲಿ ಬಿಡ್ತು."

ಹೊಳೆಯ ನೀರು ತಾಕಿದ್ದೇ ತಡ, ಮಗು ಕಾಲೊದ್ದು ಕಿರುಚಿತು. ನನ್ನ ಬಟ್ಟೆ, ಅತ್ತೆಯ ಸೆರಗು ಎಲ್ಲ ಒದ್ದೆ. ಅತ್ತೆ ಮುಖ ಒರೆಸಿಕೊಂಡರು. ಆಮೇಲೆ ಇಡೀ ಹೊಳೆಗೇ ಕೇಳುವ ಹಾಗೆ, ಬಾಯ್ತುಂಬ ಗದರಿಸಿದರು:

"ಅಂಬುನ್, ಸಾಕ್ಮಾಡೇ ನಾಟಕ."