ಊರಿಗೆಲ್ಲ ಗೊತ್ತಿದ್ದ ಮಳೆ

ನಮ್ಮ ಹೊಲ ಇರುವುದು ಗುಬ್ಬಿ ಹತ್ತಿರ. ಪಹಣಿ ಗಂಡನ ಹೆಸರಿನಲ್ಲಿತ್ತು, ಗೇಯುತ್ತಿದ್ದವಳು ನಾನು. ಪಹಣಿ ಅವರದಾದ್ದರಿಂದ ಮಳೆ ಮುನ್ಸೂಚನೆಯ ಮೆಸೇಜು ಬರುತ್ತಿದ್ದುದೂ ಅವರ ಫೋನಿಗೇ. ಆ ಫೋನು ಅವರ ಅಂಗಿ ಜೇಬಿನಲ್ಲಿ, ಅವರು ಬೆಳಗಾದರೆ ಗುಬ್ಬಿಯ ಟೀ ಅಂಗಡಿಯಲ್ಲಿ. ನನ್ನ ಕೈಯಲ್ಲಿ ಆಗ ಫೋನೇ ಇರಲಿಲ್ಲ. ಎಂಥಾ ನ್ಯಾಯ ನೋಡಿ!

ರಾಗಿ ಕೊಯ್ಲು ನಮ್ಮಲ್ಲಿ ಹೆಂಗಸರ ಮುಯ್ಯಾಳಿನಲ್ಲಿ ನಡೆಯುತ್ತದೆ. ಇವತ್ತು ನಾವು ನಿಮ್ಮ ಹೊಲಕ್ಕೆ, ನಾಳೆ ನೀವು ನಮ್ಮ ಹೊಲಕ್ಕೆ. ಯಾರ ಸರದಿ ಯಾವತ್ತು ಎಂಬುದು ನಲ್ಲಿ ಹತ್ತಿರ, ಬಿಂದಿಗೆ ತುಂಬುವಷ್ಟರಲ್ಲಿ ತೀರ್ಮಾನವಾಗುತ್ತದೆ. ಗಂಡಸರು ಕೇಳುವುದಿಲ್ಲ, ನಾವೂ ಹೇಳುವುದಿಲ್ಲ. ಬೇಕಾದರೆ ಬಂದು ಕೇಳಲಿ ಎನ್ನುವ ಬಿಗುಮಾನ ನಮಗೂ ಇತ್ತು.

ಆ ವರ್ಷ ತೆನೆ ಚೆನ್ನಾಗಿ ಬಿಗಿದಿತ್ತು. ಮೊದಲ ದಿನ ಪಕ್ಕದ ಹೊಲದವಳದು, ಮಾರನೆಯ ದಿನ ನಮ್ಮದು ಕೊಯ್ದೆವು. ಕೊಯ್ದ ರಾಗಿ ನಾಲ್ಕು ಬಿಸಿಲು ಕಾಯಬೇಕು, ಆಮೇಲೆ ಮೆದೆ ಒಟ್ಟುವುದು. ಆಕಾಶ ತೊಳೆದಿಟ್ಟಂತಿತ್ತು. ಒಣಗಲಿ ಎಂದು ಬಿಟ್ಟು, ಮೂರನೆಯ ದಿನ ನಸುಕಿಗೇ ಅಣ್ಣನ ಮೊಮ್ಮಗುವಿನ ನಾಮಕರಣಕ್ಕೆ ಕುಣಿಗಲ್ಲಿಗೆ ಹೊರಟೆ.

ಅಲ್ಲಿ ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಮಳೆ ಶುರುವಾಯಿತು. ನಾನು ಎಲೆ ಮುಂದಿನಿಂದ ಎದ್ದುಬಿಟ್ಟೆ. "ಕೂತ್ಕೊಳ್ಳೇ, ಅಲ್ಲಿ ಬಂದಿರಾಕಿಲ್ಲ ಬುಡು" ಎಂದರು ಅತ್ತಿಗೆ. ತುಮಕೂರಿನ ಮೇಲೆ ಎರಡು ಬಸ್ಸು ಬದಲಿಸಿ ಬಂದರೆ, ದಾರಿಯುದ್ದಕ್ಕೂ ಮಳೆ.

ಹೊಲದಲ್ಲಿ ನಮ್ಮ ರಾಗಿ ನೀರಿನಲ್ಲಿ ತೇಲುತ್ತಿತ್ತು. ಪಕ್ಕದ ಹೊಲದವಳದು ಅಚ್ಚುಕಟ್ಟಾಗಿ ಮೆದೆಯಾಗಿ, ಮೇಲೆ ಟಾರ್ಪಾಲು ಹೊದ್ದು ಕೂತಿತ್ತು.

"ನಿಂಗೆಂಗೆ ಗೊತ್ತಾಯ್ತೇ?" ಎಂದೆ.

"ನಿಮ್ಮೆಜಮಾನ್ರೇ ಅಲ್ವಾ ಅಕ್ಕಾ, ಬೆಳಿಗ್ಗೆ ನೀವು ಹೋದ್ಮೇಲೆ ಟೀ ಅಂಗ್ಡೀಲಿ ಮೆಸೇಜ್ ಓದಿ ಎಲ್ರಿಗೂ ಹೇಳಿದ್ದು! ನಮ್ಮನೆಯವ್ರು ಓಡ್ಬಂದು ಒಟ್ಟಾಕಿದ್ರು. ಸುದ್ದಿ ತಂದೋರೇ ಅವ್ರು, ನಿಮ್ದೂ ನೋಡ್ಕೋತಾರೆ ಅಂದ್ಕೊಂಡೆ."

ಮನೆಗೆ ಮಾರಿ, ಊರಿಗೆ ಉಪಕಾರಿ. ಒದ್ದೆ ಸೀರೆಯಲ್ಲೇ ಮನೆಗೆ ಹೋಗಿ ಅವರ ಮೇಲೆ ಹಾರಿಬಿದ್ದೆ. "ಊರಿಗೆಲ್ಲ ಹೇಳೋಕೆ ಬಾಯಿತ್ತು, ನಮ್ಮ ರಾಗಿ ಒಟ್ಟೋಕೆ ಕೈಗೇನಾಗಿತ್ತು?"

ಅವರು ಬೆಪ್ಪಾಗಿ ನಿಂತರು. "ರಾಗಿ ಇನ್ನೂ ನಿಂತೈತೆ ಅಂದ್ಕೊಂಡಿದ್ದೆ ಕಣೇ. ನಿಂತಿದ್ರೆ ಈ ಮಳೆಗೆ ಏನೂ ಆಗ್ತಿರ್ಲಿಲ್ಲ. ಕೊಯ್ಸಿದ್ದು ನಂಗ್ಯಾರು ಹೇಳಿದ್ರು?"

ಅದೂ ನಿಜವೇ. ಆದರೂ ನನ್ನ ಸಿಟ್ಟು ಇಳಿಯಲಿಲ್ಲ. ಒಂದೇ ಸೂರಿನ ಕೆಳಗೆ ಮಳೆ ಅವರಿಗೆ ಗೊತ್ತು, ಕೊಯ್ಲು ನನಗೆ ಗೊತ್ತು. ಎರಡನ್ನೂ ಸೇರಿಸುವ ಒಂದು ಮಾತು ನಮ್ಮಿಬ್ಬರ ನಡುವೆ ಇರಲಿಲ್ಲವಲ್ಲ, ಅದು ಈಗಲೂ ಹೊಟ್ಟೆ ಉರಿಸುತ್ತದೆ.

ತೆನೆಯಲ್ಲೇ ಮೊಳಕೆ ಬಂತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರೆ, ನಮಗೆ ಬಾಯಿಗೂ ಬಂತು, ಮುಗ್ಗಲು ವಾಸನೆಯ ಸಮೇತ. ಆ ವರ್ಷವೆಲ್ಲ ಅದೇ ಮುದ್ದೆ. ಒಂದು ದಿನವೂ ಅವರು ತಟ್ಟೆ ದೂಡಲಿಲ್ಲ. ಉಪ್ಪು ಕಮ್ಮಿಯಾದರೆ ಕೂಗಾಡುತ್ತಿದ್ದ ಮನುಷ್ಯ! ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಮುಂದಿನ ಕೊಯ್ಲಿನ ಹೊತ್ತಿಗೆ ತಾವಾಗಿಯೇ ಒಂದು ಫೋನು ತಂದುಕೊಟ್ಟರು. "ಮೆಸೇಜು ನಿಂಗೂ ಬರಂಗೆ ಮಾಡಿಸ್ತೀನಿ ಬುಡು" ಎಂದರು. ಕೃಷಿ ಇಲಾಖೆಗೆ ಹೋಗಿ ಕೇಳಿದರೆ, ಪಹಣಿಯಲ್ಲಿ ಹೆಸರು ಇದ್ದವರ ನಂಬರಿಗೆ ಮಾತ್ರವಂತೆ. "ಪಹಣೀನ ಇಬ್ಬರ ಹೆಸ್ರಿಗೂ ಜಂಟಿ ಮಾಡಿಸಾಣ, ಈ ಕೊಯ್ಲು ಮುಗೀಲಿ" ಎಂದರು. ಕೊಯ್ಲು ಮುಗಿಯುವ ಮೊದಲೇ ಎದೆನೋವು ಬಂದು ಹೋಗಿಬಿಟ್ಟರು.

ಈಗ ಪಹಣಿ ನನ್ನ ಹೆಸರಿಗಾಗಿದೆ. ಮೆಸೇಜು ತಪ್ಪದೆ ಬರುತ್ತದೆ. ಮೊನ್ನೆಯೂ ಬಂತು. ರಾಗಿ ಕೊಯ್ದು ಹಾಕಿತ್ತು. ಪಕ್ಕದವಳನ್ನೂ ಕರೆದುಕೊಂಡು ಹೋಗಿ ಮಳೆಗೆ ಮೊದಲೇ ಮೆದೆ ಒಟ್ಟಿ ಬಂದೆ. ಒಂದು ಕಾಳೂ ನೆನೆಯಲಿಲ್ಲ. ಆ ಖುಷಿಗೆ ಹೊಸ್ತಿಲು ದಾಟುತ್ತಲೇ ಕೂಗಿದೆ: "ಏನೂಂದ್ರೆ, ರಾಗಿ ಉಳೀತು!"

ಒಳಗೆ ಯಾರೂ ಇರಲಿಲ್ಲ.